ಚಿಕ್ಕೀರಪ್ಪನ ಹೋಟೆಲಿನ ಕ್ಷೀರಪಥ

ತಳಕಿನ ಪಂಪ್‌ಸೆಟ್ ಅಂಗಡಿ ವಿಶ್ವನಾಥ್ ತಾನು ತೆಗೆದ ಆಕಾಶದ ಫೋಟೋವನ್ನು ತನ್ನ ಮನೆಯ ಗೋಡೆಗೇ ತೂಗುಹಾಕಿದ್ದರೆ ಆ ದಿನ ಊರಿನಲ್ಲಿ ಯಾರ ಮರ್ಯಾದೆಗೂ ಧಕ್ಕೆ ಬರುತ್ತಿರಲಿಲ್ಲ. ಆದರೆ ಅವನ ಹೆಂಡತಿ ವಾಣಿಶ್ರೀ ಬಾಗಿಲಲ್ಲೇ ಅಡ್ಡ ನಿಂತಳು.

"ಇಷ್ಟು ದೊಡ್ಡ ಕರೀ ಹಲಗೆ ತಂದೀರಲ್ರೀ, ಇದನ್ನ ದೇವರ ಫೋಟೋ ಪಕ್ಕದಾಗೆ ಹಾಕೋದಾ? ನೋಡಿದೋರು ಏನಂತಾರೆ?"

"ಕರೀ ಹಲಗೆ ಅಲ್ವೇ, ಇದು ಆಕಾಶ. ನಕ್ಷತ್ರ ನೋಡು ಎಷ್ಟದಾವೆ!"

"ಅಡುಗೆಮನೆ ಬಲ್ಬು ಹೋಗಿ ವಾರ ಆತು. ಮೊದ್ಲು ಅದನ್ನ ನೋಡ್ರಿ" ಎಂದವಳೇ ಫೋಟೋದತ್ತ ಕಣ್ಣೂ ಹಾಯಿಸದೆ ಒಳಗೆ ಹೋದಳು.

ವಿಶ್ವನಾಥನಿಗೆ ಈ ಹುಚ್ಚು ಹಿಡಿದದ್ದು ಹಿಂದಿನ ವರ್ಷ. ಅಂಗಡಿಯಲ್ಲಿ ಕೂತು ಮೊಬೈಲ್ ತಿಕ್ಕುತ್ತಿದ್ದಾಗ ಯಾರೋ ಕಳಿಸಿದ ಚಿತ್ರವೊಂದು ತೆರೆಯಿತು. ನೇರಳೆ, ಕೇಸರಿ, ಹೊಂಬಣ್ಣ ಕಲೆಸಿದ ಒಂದು ಮೋಡ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಸೆರಗನ್ನು ಯಾರೋ ಕತ್ತಲೆಗೆ ಹರವಿದಂತಿತ್ತು. ಅದು ನಕ್ಷತ್ರಗಳು ಹುಟ್ಟುವ ಜಾಗವೆಂದು ಕೆಳಗೆ ಬರೆದಿತ್ತು. ಮೋಟರಿಗೆ ಕೇಬಲ್ ಕೇಳಲು ಬಂದಿದ್ದ ಗಿರಾಕಿ ಕಾದು ಕಾದು ಎದ್ದುಹೋದರೂ ಅವನಿಗೆ ಗೊತ್ತಾಗಲಿಲ್ಲ. ಆವತ್ತು ರಾತ್ರಿ ಮಾಳಿಗೆ ಹತ್ತಿ ತಲೆ ಎತ್ತಿದವನಿಗೆ, ಇಷ್ಟು ವರ್ಷ ತಾನು ನೆಲದಡಿಯ ನೀರಿನ ಲೆಕ್ಕವನ್ನೇ ಹಾಕಿಕೊಂಡು ಬದುಕಿದೆನಲ್ಲ ಎನ್ನಿಸಿ ನಗು ಬಂತು.

ಆಮೇಲೆ ಚಳ್ಳಕೆರೆಯಲ್ಲಿ ಹಳೆಯದೊಂದು ಕ್ಯಾಮೆರಾ ಕೊಂಡ. ಅಮಾವಾಸ್ಯೆಯ ಆಸುಪಾಸಿನ ಬೆಳಗಿನ ಜಾವಗಳಲ್ಲಿ ಊರಾಚೆಯ ಗುಡ್ಡದ ಮಗ್ಗುಲಿಗೆ ಹೋಗಿ ಚಳಿಯಲ್ಲಿ ಕಂಬಳಿ ಹೊದ್ದು ನಿಂತ. ನೂರಾರು ಫೋಟೋ ಕೆಟ್ಟವು. ಕೊನೆಗೆ ಒಂದು ಸಿಕ್ಕಿತು. ಜರಡಿ ಹಿಡಿಯುವಾಗ ಗಾಳಿಗೆ ಹಾರಿದ ಹಿಟ್ಟಿನ ಹಾಗೆ ಆಕಾಶದ ಈ ತುದಿಯಿಂದ ಆ ತುದಿಗೆ ಕ್ಷೀರಪಥ! ಚಿತ್ರದ ಬುಡದಲ್ಲಿ ಮಾತ್ರ ಗೇಣಗಲ ನೆಲ: ಎರಡು ಹೊಲ, ಒಂದು ಹುಣಸೆಮರ, ಒಂದು ಗುಡಿಸಲು, ನೀರಿನ ತೊಟ್ಟಿ. ಎಲ್ಲಿಂದಲೋ ಬಂದ ಹಳದಿ ಬೆಳಕು ನೆಲದ ಮೇಲೆ ಬಿದ್ದು ಎಲ್ಲವೂ ಸ್ಪಷ್ಟವಾಗಿ ಮೂಡಿತ್ತು. ಅದು ದೈವಕೃಪೆ ಎಂದುಕೊಂಡ ವಿಶ್ವನಾಥ್, ಆ ಚಿತ್ರವನ್ನು ದೊಡ್ಡದು ಮಾಡಿಸಿ ದಪ್ಪ ರಟ್ಟಿಗೆ ಅಂಟಿಸಿಕೊಂಡು ತಂದಿದ್ದ. ಊರಿನಲ್ಲಿ ಒಬ್ಬರಾದರೂ ಇದನ್ನು ತಾನು ನೋಡಿದಂತೆ ನೋಡಬೇಕು ಎಂಬುದೊಂದೇ ಅವನ ಆಸೆ.

ಮನೆಯ ಬಾಗಿಲಿಂದ ಅವನು ನೇರ ಹೋದದ್ದು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿಗೆ. ಹೋಟೆಲಿನ ಚಿಕ್ಕೀರಪ್ಪ ಬಾಲ್ಯದ ಗೆಳೆಯ.

"ಏನ್ಲೇ ಇದು?"

"ಕ್ಷೀರಪಥ ಕಣ್ಲೇ. ಹಾಲಿನ ಹಾದಿ."

"ಹಾಲಾ? ಹಂಗಾದ್ರೆ ನಮ್ಮ ಹೋಟ್ಲಿಗೆ ಸರಿಯಾಗ್ತೈತೆ, ಹಾಕು" ಎಂದು ಚಿಕ್ಕೀರಪ್ಪ ತಾನೇ ಗೋಡೆಗೆ ಮೊಳೆ ಹೊಡೆದುಕೊಟ್ಟ.

ವಿಶ್ವನಾಥ್ ಫೋಟೋದ ಪಕ್ಕದಲ್ಲೇ ಚಹಾ ಹಿಡಿದು ಕೂತ. ಬಾಯಿಪಾಠ ಮಾಡಿಕೊಂಡಿದ್ದ ಮಾತು ನಾಲಿಗೆ ತುದಿಯಲ್ಲಿತ್ತು: ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಕೊರೆಯುತ್ತಿದ್ದ ಕಾಲಕ್ಕೆ ಹೊರಟ ಬೆಳಕೂ ಇದರಲ್ಲಿದೆ, ಅದು ದಾರಿಯುದ್ದಕ್ಕೂ ಎಲ್ಲೂ ನಿಲ್ಲದೆ ಬಂದು ನಮ್ಮೂರಿನ ಗುಡ್ಡದ ಮೇಲೆ ಇಳಿದಿದೆ.

ಮೊದಲು ಬಂದವನು ರೈತ ಬೊಮ್ಮಲಿಂಗಪ್ಪ. ಫೋಟೋದ ಮುಂದೆ ನಿಂತ. ವಿಶ್ವನಾಥ್ ಲೋಟ ಕೆಳಗಿಟ್ಟ. ಬೊಮ್ಮಲಿಂಗಪ್ಪ ಮಾತ್ರ ತಲೆ ಎತ್ತುವ ಬದಲು ಸೊಂಟ ಬಗ್ಗಿಸಿ ಚಿತ್ರದ ಬುಡಕ್ಕೆ ಮೂಗು ತಾಗಿಸಿದ.

"ಇದು ನಮ್ಮ ಹೊಲ ಅಲ್ಲೇನಪ್ಪ ವಿಶ್ವಣ್ಣ?"

"ಹೌದು ಯಜಮಾನ್ರೆ, ಆದ್ರೆ ಮೇಲೆ ನೋಡ್ರಿ, ಅಶೋಕನ ಕಾಲದಾಗೆ..."

"ಅಶೋಕ ಇರ್ಲಿ ತಡಿ. ನಮ್ಮ ಬಾಂದುಕಲ್ಲು ಹುಣಸೆಮರದ ಆ ಕಡೆ ಇತ್ತು. ಇದರಾಗೆ ಈ ಕಡೆ ಐತೆ!"

ಪಕ್ಕದ ಹೊಲದ ಒಡೆಯ ತಿಪ್ಪೇರುದ್ರಪ್ಪ ಅಲ್ಲೇ ಇಡ್ಲಿ ತಿನ್ನುತ್ತಿದ್ದ. ವಿಶ್ವನಾಥನಿಗೆ ವರಸೆಯಲ್ಲಿ ದೊಡ್ಡಪ್ಪ. ಅವನು ಚಟ್ನಿ ಕೈಯಲ್ಲೇ ಎದ್ದು ಬಂದ.

"ಫೋಟೋದಾಗೆ ಎಲ್ಲಾ ಹಿಂದುಮುಂದು ಕಾಣ್ತೈತಪ್ಪ ಬೊಮ್ಮಲಿಂಗ. ಅದನ್ನೆಲ್ಲಾ ನಂಬಾಕಾಗ್ತೈತಾ?"

"ಮರ ಇದ್ದಲ್ಲೇ ಐತೆ, ಕಲ್ಲು ಮಾತ್ರ ಹಿಂದುಮುಂದು ಆಗ್ತೈತೇನ್ರಿ? ಕಲ್ಲಿಗೇನು ಕಾಲು ಬರ್ತಾವಾ?"

ಇಬ್ಬರೂ ವಿಶ್ವನಾಥನತ್ತ ತಿರುಗಿದರು. "ಫೋಟೋ ತೆಗ್ದೋನು ನೀನು. ಹೇಳು, ಕಲ್ಲು ಎಲ್ಲಿತ್ತು?"

"ನಾನು ಕೆಳಗೆ ನೋಡ್ಲೇ ಇಲ್ಲ ದೊಡ್ಡಪ್ಪ" ಎಂದ ವಿಶ್ವನಾಥ್. ಅದು ಸತ್ಯವೇ ಆಗಿತ್ತು. ಸತ್ಯವಾದ್ದರಿಂದಲೇ ಯಾರೂ ನಂಬಲಿಲ್ಲ.

ಗಲಾಟೆ ಕೇಳಿ ಬಸ್‌ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುವ ಹೊನ್ನಕ್ಕ ಒಳಗೆ ಬಂದಳು. ಬಂದವಳು ಬಾಂದುಕಲ್ಲು ಹುಡುಕುತ್ತಾ ಕಿರುಚಿದಳು: "ಅಯ್ಯೋ ದೇವುಡಾ! ನನ್ನ ನೀಲಿ ಡ್ರಮ್ಮು! ಯುಗಾದಿಯಿಂದ ಕಾಣ್ತಿಲ್ಲ ಅಂತ ಊರೆಲ್ಲಾ ಹುಡುಕಿದ್ನಲ್ಲಪ್ಪಾ! ಬಾಯಿ ಹತ್ರ ಸುಟ್ಟೈತೆ ನೋಡ್ರಿ, ಅದು ನನ್ನದೇಯ!"

ಡ್ರಮ್ಮು ನಿಂತಿದ್ದು ಬೊಮ್ಮಲಿಂಗಪ್ಪನ ಗುಡಿಸಲಿನ ಪಕ್ಕದಲ್ಲಿ. ಬೊಮ್ಮಲಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಅದು... ಗಾಳಿಗೆ ಉರುಳ್ಕಂಡು ಬಂದಿತ್ತು ಹೊನ್ನಕ್ಕ."

"ನನ್ನ ಮನೆ ಊರೊಳಗೈತೆ, ನಿನ್ನ ಹೊಲ ದಿಬ್ಬದ ಮೇಲೈತೆ. ಡ್ರಮ್ಮು ದಿಬ್ಬ ಹತ್ಕಂಡು ಉರುಳ್ತೇನಪ್ಪಾ?"

ತಿಪ್ಪೇರುದ್ರಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಕಲ್ಲಿಗೆ ಕಾಲು ಬರಲ್ಲ, ಡ್ರಮ್ಮಿಗೆ ಮಾತ್ರ ಬರ್ತಾವೆ!"

ಈಗ ಹೋಟೆಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಕಳೆದುಹೋದ ಸಾಮಾನು ಹುಡುಕಲು ಮುಗಿಬಿದ್ದರು. ಕೆಲವರು ಬೆಂಚಿನ ಕೆಳಗೆ ಮಂಡಿಯೂರಿ ನೋಡಿದರು. ವಿಶ್ವನಾಥ್ ಬೆಂಚು ಹತ್ತಿ ನಿಂತು, "ಸ್ವಲ್ಪ ಮೇಲೆ ನೋಡ್ರಪ್ಪಾ! ಮೇಲೆ ನೋಡ್ರಿ!" ಎಂದು ಬೇಡಿಕೊಂಡ.

"ಮೇಲೇನೈತಪ್ಪ, ಅದು ದಿನಾ ಇರ್ತೈತೆ" ಎಂದಳು ಹೊನ್ನಕ್ಕ. ಹಾಗೆಂದವಳೇ ಮತ್ತೆ ಬಗ್ಗಿ, "ಈ ತೊಟ್ಟಿ ಹತ್ರ ದೀಪ ಹಚ್ಕಂಡು ಒಂದು ಮೊಪೆಡ್ ನಿಂತೈತಲ್ಲ, ಇದು ಯಾರದು?" ಎಂದು ಕೇಳಿದಳು.

ವಿಶ್ವನಾಥನೂ ಬೆಂಚಿನ ಮೇಲಿಂದಲೇ ಬಗ್ಗಿ ನೋಡಿದ. ದೈವಕೃಪೆಯ ಬೆಳಕು ಮೊಪೆಡ್ಡಿನ ದೀಪದ್ದು. ಅದರ ಪಕ್ಕದಲ್ಲಿ ಎರಡು ಹಾಲಿನ ಕ್ಯಾನು, ಎರಡರದೂ ಮುಚ್ಚಳ ತೆರೆದಿತ್ತು. ತೊಟ್ಟಿಯ ನಲ್ಲಿಯಿಂದ ಒಂದು ಪೈಪು ಕ್ಯಾನಿನೊಳಕ್ಕೆ ಇಳಿದಿತ್ತು. ಕ್ಯಾನಿನ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ 'ಚಿ. ಹೋ.' ಎಂದು ಬರೆದಿತ್ತು.

ಪ್ರತಿಯೊಬ್ಬರೂ ತಮ್ಮ ಕೈಲಿದ್ದ ಚಹಾ ಲೋಟವನ್ನು ಒಮ್ಮೆ ನೋಡಿಕೊಂಡರು.

"ಮೇಲೆ ಹಾಲಿನ ಹಾದಿ, ಕೆಳಗೆ ನೀರಿನ ಹಾದಿ" ಎಂದ ತಿಪ್ಪೇರುದ್ರಪ್ಪ. "ಅದೂ ನಮ್ಮ ತೊಟ್ಟಿ ನೀರು."

"ಕ್ಯಾನು ತೊಳೆಯಾಕೆ ನಿಲ್ಸಿದ್ದೆ ಕಣ್ರಪ್ಪಾ!" ಚಿಕ್ಕೀರಪ್ಪನ ದನಿ ಕೀರಲಾಯಿತು.

"ಹಾಲು ತುಂಬ್ಕಂಡು ಬರೋವಾಗ ತೊಳೀತೀಯಾ? ಬಾಳ ಶುದ್ಧ ಕಣಪ್ಪ ನೀನು" ಎಂದಳು ಹೊನ್ನಕ್ಕ.

ಅಷ್ಟೇ. ಚಿಕ್ಕೀರಪ್ಪ ಫೋಟೋವನ್ನು ಒಲೆಗೆ ಹಾಕಲು ಹಾರಿದ. ಬೊಮ್ಮಲಿಂಗಪ್ಪ, ಅದು ಸರ್ವೆಯವರಿಗೆ ತೋರಿಸಬೇಕಾದ ಸಾಕ್ಷಿ ಎಂದು ಒಂದು ಮೂಲೆ ಹಿಡಿದ. ತಿಪ್ಪೇರುದ್ರಪ್ಪ ಒಲೆಯ ಪಕ್ಷ ವಹಿಸಿ ಇನ್ನೊಂದು ಮೂಲೆ ಹಿಡಿದ. ಪೊಲೀಸರಿಗೆ ಡ್ರಮ್ಮು ತೋರಿಸಬೇಕೆಂದು ಹೊನ್ನಕ್ಕ ನಡುವೆ ತೂರಿಕೊಂಡಳು. ನಾಲ್ಕು ಜನ ನಾಲ್ಕು ಕಡೆ ಎಳೆಯುತ್ತಿದ್ದರೆ, ಕ್ಷೀರಪಥ ಹೋಳಿಗೆ ಹಿಟ್ಟಿನಂತೆ ಹಿಗ್ಗುವುದೋ ಏನೋ ಎಂದು ವಿಶ್ವನಾಥನಿಗೆ ಜೀವ ಬಾಯಿಗೆ ಬಂತು. ರಟ್ಟಿನ ಬುಡ ಚರ್ರೆಂದಿತು. ಅವನು ಬೆಂಚಿನಿಂದ ಧುಮುಕಿ ಫೋಟೋ ಕಿತ್ತುಕೊಂಡವನೇ ಎದುರಿಗೆ ಹೊರಟು ನಿಂತಿದ್ದ ಚಳ್ಳಕೆರೆ ಬಸ್ಸು ಹತ್ತಿಬಿಟ್ಟ. ಒಂದು ಕಾಲಿನ ಚಪ್ಪಲಿ ತಳಕಿನಲ್ಲೇ ಉಳಿಯಿತು.

ಚಳ್ಳಕೆರೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಜನ್ ಎಂಬ ಯುವಕ ಚಿತ್ರವನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

"ಬುಡ ಹರಿದೈತೆ ಸಾರ್. ಅಂಟಿಸಿಕೊಡ್ಲಾ?"

"ಬೇಡಪ್ಪ. ನೆಲ ಪೂರ್ತಿ ಕತ್ತರಿಸಿ ತೆಗೆದುಬಿಡು."

"ನೆಲ ತೆಗೆದ್ರೆ ಇದ್ರಾಗೆ ಉಳಿಯೋದೇನು ಸಾರ್?"

"ಆಕಾಶ."

"ಅಂದ್ರೆ ಏನೂ ಉಳಿಯಲ್ಲ ಅನ್ರಿ" ಎಂದ ಅಂಜನ್, ಆದರೂ ನಾಜೂಕಾಗಿ ಬ್ಲೇಡು ಎಳೆದ. "ರಟ್ಟು ಬಾಗೈತೆ. ಗಾಜು ಹಾಕಿ ಗಟ್ಟಿ ಕಟ್ಟು ಕೂರಿಸ್ತೀನಿ, ನಾಲ್ಕು ಜನ ಎಳೆದ್ರೂ ಅಲ್ಲಾಡಬಾರ್ದು."

ಕಟ್ಟು ಕೂರುವವರೆಗೆ ವಿಶ್ವನಾಥ್ ಕತ್ತರಿಸಿ ತೆಗೆದ ನೆಲವನ್ನು ಕೈಯಲ್ಲಿ ಹಿಡಿದು ಕೂತಿದ್ದ. ಗೇಣಗಲದ ಪಟ್ಟಿಯಲ್ಲಿ ಎಷ್ಟೊಂದು ಜಗಳ! ಅದನ್ನು ಚೂರು ಚೂರು ಮಾಡಿ ಎಸೆದ. ಮನಸ್ಸು ಹಗುರಾಯಿತು. ಉಳಿದ ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಹೊಸ ಜೊತೆ ಕೊಂಡ.

ಸಂಜೆ ಅವನು ಹೆದರಿಕೊಂಡೇ ಊರಿಗೆ ಇಳಿದ. ನೋಡಿದರೆ ಊರು ತಣ್ಣಗಿತ್ತು. ಹೊನ್ನಕ್ಕನ ಡ್ರಮ್ಮು ತಾನಾಗಿಯೇ ದಿಬ್ಬ ಇಳಿದು ಅವಳ ಬಾಗಿಲಿಗೆ ಬಂದಿತ್ತು. ಬಾಂದುಕಲ್ಲೂ ಹೇಗೋ ಹುಣಸೆಮರದ ಆ ಕಡೆಗೆ ನಡೆದುಹೋಗಿತ್ತು. ಚಿಕ್ಕೀರಪ್ಪನ ಚಹಾ ಎಷ್ಟು ಗಟ್ಟಿಯಾಗಿತ್ತೆಂದರೆ, ಕುಡಿದವರು ಇದು ಪಾಯಸವೇ ಎಂದು ಕೇಳುತ್ತಿದ್ದರು.

ಚಿಕ್ಕೀರಪ್ಪ ಫೋಟೋದ ನಾಲ್ಕೂ ಅಂಚು ಸವರಿ ನೋಡಿದ. "ನೆಲ ಇಲ್ವಲ್ಲ?"

"ಇಲ್ಲ."

"ತೊಟ್ಟಿ?"

"ಮೋಡಾನೂ ಇಲ್ಲ ಕಣ್ಲೇ."

"ಹಂಗಾದ್ರೆ ಹಾಕು."

ಫೋಟೋ ಮತ್ತೆ ಅದೇ ಮೊಳೆಗೆ ಏರಿತು. ಬೆಳಿಗ್ಗೆಯ ಅನುಭವದಿಂದ ಬುದ್ಧಿ ಕಲಿತಿದ್ದ ವಿಶ್ವನಾಥ್ ಈ ಸಲ ಬಾಯಿ ಬಿಡಬಾರದೆಂದು ಅದೇ ಗೋಡೆಗೆ ಒರಗಿ, ಬರುವವರ ಮುಖ ಕಾಣುವಂತೆ ಮೂಲೆಯಲ್ಲಿ ಕೂತ.

ಬೊಮ್ಮಲಿಂಗಪ್ಪ ಬಂದ. ಫೋಟೋದ ಮುಂದೆ ನಿಂತ. ಈ ಸಲ ಬಗ್ಗಲಿಲ್ಲ! ತಲೆ ಎತ್ತಿ ನೋಡಿದ. ನೋಡುತ್ತಲೇ ಇದ್ದ. ನಿಧಾನವಾಗಿ ಅವನ ಮುಖ ಅರಳಿತು, ಕೈ ತಾನಾಗಿ ಮೀಸೆಗೆ ಹೋಯಿತು. ತಿಪ್ಪೇರುದ್ರಪ್ಪ ಬಂದು ಪಕ್ಕದಲ್ಲೇ ನಿಂತ. ಬೆಳಿಗ್ಗೆ ಕೈಕೈ ಮಿಲಾಯಿಸಲು ಹೊರಟಿದ್ದವರು ಈಗ ಭುಜಕ್ಕೆ ಭುಜ ತಾಗಿಸಿ, ಒಂದು ಮಾತೂ ಆಡದೆ, ಆ ಅನಂತದತ್ತ ನೋಡುತ್ತಾ ನಿಂತಿದ್ದರು. ಹೊನ್ನಕ್ಕ ಬಂದವಳು ಸೆರಗು ಸರಿಮಾಡಿಕೊಂಡು, ಗುಡಿಯಲ್ಲಿ ನಿಂತಂತೆ ನಿಂತು ಮುಗುಳ್ನಕ್ಕಳು. ಬಸ್ಸಿಳಿದ ಕಾಲೇಜು ಹುಡುಗಿಯರು ಗಲಗಲ ಎನ್ನುತ್ತಾ ಬಂದು ಫೋಟೋ ಕಂಡೊಡನೆ ಮೌನವಾದರು.

ವಿಶ್ವನಾಥನ ಕಣ್ಣು ಹನಿಗೂಡಿತು. ನೆಲ ಅಡ್ಡ ಬರದಿದ್ದರೆ ಮನುಷ್ಯ ಆಕಾಶ ನೋಡಿಯೇ ನೋಡುತ್ತಾನೆ ಎಂದು ಅವನಿಗೆ ಆ ಕ್ಷಣ ಹೊಳೆಯಿತು. ಈ ದರ್ಶನ ಹೆಂಡತಿಗೆ ತಪ್ಪಬಾರದೆಂದು ಫೋನು ಮಾಡಿ ಕರೆದ. ವಾಣಿಶ್ರೀ ಗೊಣಗುತ್ತಲೇ ಬಂದಳು. ಫೋಟೋದ ಮುಂದೆ ನಿಂತಳು. ಗೊಣಗಾಟ ನಿಂತಿತು. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದಳು. ಬೆರಳು ಹಣೆಗೆ ಹೋಯಿತು. ಮದುವೆಯಾದ ಹೊಸತರಲ್ಲಿ ನಗುತ್ತಿದ್ದಂತೆ ನಕ್ಕಳು.

ವಿಶ್ವನಾಥನಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಕೇಳಿದ: "ಹೆಂಗೈತೆ?"

"ಬಾಳ ಚೆನ್ನಾಗೈತ್ರಿ" ಎಂದಳು ವಾಣಿಶ್ರೀ, ಕಣ್ಣು ಕೀಳದೆ. "ಮಧ್ಯಾಹ್ನದಿಂದ ಬೊಟ್ಟು ವಾರೆ ಇಟ್ಕಂಡು ಓಡಾಡೀನಿ. ಮನೇಲಿ ಒಬ್ರಾದ್ರೂ ಹೇಳ್ಬಾರ್ದಾ?"

ವಿಶ್ವನಾಥನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಕಾಲೇಜು ಹುಡುಗಿಯೊಬ್ಬಳು, "ಆಂಟಿ, ಸ್ವಲ್ಪ ಸರೀರಿ, ಕ್ಲಿಪ್ ಹಾಕ್ಕೊಳ್ಬೇಕು" ಎಂದಳು. ಬೊಮ್ಮಲಿಂಗಪ್ಪ ಮೀಸೆಯ ಬಲತುದಿಯನ್ನು ಎಡತುದಿಗೆ ಸಮ ಮಾಡುತ್ತಿದ್ದ.

ಗಲ್ಲಾದಿಂದ ಚಿಕ್ಕೀರಪ್ಪ ಕೂಗಿದ: "ಲೇ ವಿಶ್ವ, ಇಂಥದ್ದೇ ಇನ್ನೊಂದು ಮಾಡ್ಸಿಕೊಡಪ್ಪ, ಕೈ ತೊಳೆಯೋ ಜಾಗದಾಗೆ ಹಾಕ್ತೀನಿ. ಗಾಜಿನ ಹಿಂದೆ ಕರೀ ಬಣ್ಣ ಇರೋದಕ್ಕೆ ಮುಖ ಏನ್ ಕಾಣ್ತೈತೋ ಮಾರಾಯ! ಕನ್ನಡಿಗಿಂತ ವಾಸಿ, ಸುಕ್ಕು ಗೊತ್ತಾಗಲ್ಲ. ಆದ್ರೆ ಅಲ್ಲಲ್ಲಿ ಬಿಳೀ ಚುಕ್ಕೆ ಅದಾವೆ, ಮುಂದಿನ ಸಲ ಅವನ್ನ ಒರೆಸಿ ಕೊಡೋಕೆ ಹೇಳು."

ವಿಶ್ವನಾಥ್ ಎದ್ದು ಎಲ್ಲರ ನಡುವೆ ಜಾಗ ಮಾಡಿಕೊಂಡು ಫೋಟೋದ ಎದುರಿಗೆ ಬಂದ. ಗಾಜಿನಲ್ಲಿ ಮೊದಲು ಟ್ಯೂಬ್‌ಲೈಟ್ ಕಂಡಿತು, ಆಮೇಲೆ ಬೋಂಡಾ ತಟ್ಟೆ, ಆಮೇಲೆ ತನ್ನದೇ ಮುಖ. ಕ್ಷೀರಪಥ ಎಲ್ಲಿ ಹೋಯಿತೆಂದು ಕಣ್ಣು ಕಿರಿದು ಮಾಡಿ ಹುಡುಕಿದ. ಕಡೆಗೆ ಕಿವಿಯ ಮೇಲ್ಭಾಗದಲ್ಲಿ ಎರಡು ನಕ್ಷತ್ರ ಮಿನುಗಿದವು. ಸದ್ಯ ಎರಡಾದರೂ ಉಳಿದವಲ್ಲ ಎಂದು ಸಂತೋಷದಿಂದ ಹತ್ತಿರ ಹೋಗಿ ನೋಡಿದ.

ನರೆಗೂದಲು.

ತಲೆ ಆಡಿಸಿ ನೋಡಿದ. ಇನ್ನೂ ನಾಲ್ಕು ಕಂಡವು. ಏಳನೆಯದನ್ನು ಹುಡುಕಲು ಕುತ್ತಿಗೆ ತಿರುಗಿಸುತ್ತಿದ್ದಾಗ ಹಿಂದಿನಿಂದ ಬೊಮ್ಮಲಿಂಗಪ್ಪ ಬೆನ್ನು ತಟ್ಟಿದ.

"ಪಕ್ಕಕ್ಕೆ ಸರಿಯಪ್ಪ ವಿಶ್ವಣ್ಣ, ಎಷ್ಟೊತ್ತು ನೋಡ್ತೀಯಾ? ನಂದು ಎಡಗಡೆ ಮೀಸೆ ಇನ್ನೂ ಉಳಿದೈತೆ."