ಏಳು ಅಧ್ಯಕ್ಷರು, ಒಂದೇ ಮೂಗು

ಸಂಶಯಪಡುವುದು ದುರ್ಗುಣವೆಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳುವುದರಿಂದ ಆ ಹಿರಿಯರಿಗೇನು ಲಾಭವಿರಬಹುದು ಎಂದು ನಾನು ಮೊದಲು ಯೋಚಿಸುತ್ತೇನೆ. ಅಂಚೆಪೆಟ್ಟಿಗೆಯಲ್ಲಿ ಕಾಗದ ಹಾಕಿದ ಮೇಲೂ ಅದರ ಬಾಯಿಗೆ ಕಿವಿಗೊಟ್ಟು, ಒಳಗೆ ಬಿದ್ದ ಸದ್ದು ಕೇಳಿಸಿಕೊಂಡೇ ಮುಂದೆ ಹೋಗುವವನು ನಾನು. ಬೆಳಗಾವಿಯಲ್ಲಿ ನಮ್ಮ ಅನಗೋಳದ ಓಣಿಯಲ್ಲಿ ಯಾರಾದರೂ ಒಂದೇ ದಿನ ಎರಡು ಸಲ ನಮಸ್ಕಾರ ಮಾಡಿದರೆ, ಮೂರನೆಯ ಸಲ ಏನು ಕೇಳುವರೋ ಎಂದು ಆ ವಾರವೆಲ್ಲ ಹಿಂದಿನ ಓಣಿಯಿಂದ ಓಡಾಡುತ್ತೇನೆ. ಇಂಥವನನ್ನು ದೇವರು ಪೊಲೀಸ್ ಖಾತೆಗೆ ಕಳಿಸಬೇಕಾಗಿತ್ತು. ಅವನ ಕಚೇರಿಯಲ್ಲೂ ಕಡತಗಳು ಅದಲುಬದಲಾಗುತ್ತವೆಂದು ಕಾಣುತ್ತದೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಲು ಕಳಿಸಿಬಿಟ್ಟ.

ಇತಿಹಾಸದ ಮಾಸ್ತರನೆಂಬ ಒಂದೇ ಅಪರಾಧಕ್ಕೆ ನಮ್ಮ ಸೇವಾ ಕ್ಲಬ್ಬಿನ ಇತಿಹಾಸ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಎಪ್ಪತ್ತರ ದಶಕದ ನಡುವೆ, ದಂಡು ಪ್ರದೇಶವಾದ ಕ್ಯಾಂಪಿನ ಹಳೆಯ ಬಂಗಲೆಯೊಂದರ ವರಾಂಡದಲ್ಲಿ ಚಹಾ ಕುಡಿಯುತ್ತ ಕೂತವರು ಹುಟ್ಟಿಸಿದ ಕ್ಲಬ್ಬು ಅದು. ಈಗ ಹತ್ತು ವರ್ಷ ತುಂಬಿತ್ತು. ಅದನ್ನು ಮೊದಲು ಯಾರು ಯೋಚಿಸಿದರು ಎಂದು ಕೇಳುತ್ತ ಹೋದೆ. ಅಂದು ಚಹಾ ಕುಡಿದವರೆಲ್ಲರೂ ಬೇರೆಬೇರೆಯಾಗಿ, ಬಾಗಿಲು ಮುಂದೆ ಮಾಡಿ, ಗುಟ್ಟಾಗಿ, ಅದು ತಮ್ಮದೇ ಯೋಚನೆ ಎಂದರು. ಸೇವೆ ಮಾಡುವವರಿಗೆ ಕೀರ್ತಿಯ ಆಸೆ ಇರುವುದಿಲ್ಲವಷ್ಟೆ. ಆದ್ದರಿಂದ ತಮ್ಮ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕುವುದು ಬೇಡ, ಎಲ್ಲರಿಗಿಂತ ಮೊದಲು ಹಾಕಿದರೆ ಸಾಕು ಎಂದರು. ಕ್ಲಬ್ಬು ಮಾಡಿದ ಕೆಲಸಗಳಲ್ಲಿ ಸಸಿ ನೆಡುವುದು ಮುಖ್ಯವಾದದ್ದು. ಪ್ರತಿ ವರ್ಷ ಅದೇ ಕುಣಿಯಲ್ಲಿ ನೆಡುತ್ತಿದ್ದುದರಿಂದ ಅಗೆಯುವ ಶ್ರಮ ಉಳಿಯುತ್ತಿತ್ತು. ಇವೆಲ್ಲದರ ನಡುವೆ ತಲೆಯೆತ್ತಿ ಹೇಳಿಕೊಳ್ಳುವಂಥದ್ದೆಂದರೆ ಖಾನಾಪುರದ ಸಾಲೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಣ್ಣಿನ ಶಿಬಿರ. ಅದನ್ನು ಏಳು ವರ್ಷದಿಂದ ನಡೆಸಿಕೊಂಡು ಬಂದವರು ಆ ಊರಿನ ಅರಿವೆ ಅಂಗಡಿಯ ಬಸಲಿಂಗಪ್ಪನವರು. ದಶಮಾನೋತ್ಸವದಲ್ಲಿ ಅವರಿಗೆ ಶಾಲು ಹೊದಿಸುವುದೆಂದು ನಿಶ್ಚಯವಾಗಿತ್ತು. ಅವರದು ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು.

ಶಿಬಿರದ ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕೂತಾಗ ಆ ಕಣ್ಣು ಪೂರ್ತಿ ತೆರೆಯಿತು. ನಮ್ಮಲ್ಲೊಂದು ಪದ್ಧತಿ. ಉದ್ಘಾಟನೆಯ ದಿನ ಅಧ್ಯಕ್ಷರಾದವರು ತಮ್ಮ ಕೈಯಾರೆ ಒಬ್ಬ ಬಡವರಿಗೆ ಚಸ್ಮಾ ತೊಡಿಸಬೇಕು, ಅದರ ಫೋಟೋ ತೆಗೆಯಬೇಕು, ಆಮೇಲೆ ಉಪ್ಪಿಟ್ಟು ತಿಂದು ಬೆಳಗಾವಿಗೆ ಮರಳಬೇಕು. ಏಳು ಫೋಟೋಗಳಲ್ಲಿ ಏಳು ಜನ ಅಧ್ಯಕ್ಷರು: ಒಬ್ಬರು ದಪ್ಪ, ಒಬ್ಬರು ತೆಳು, ಒಬ್ಬರು ರುಮಾಲು, ಒಬ್ಬರು ಸೂಟು. ಮುದುಕಿ ಮಾತ್ರ ಒಬ್ಬಳೇ. ಅದೇ ದೊಡ್ಡ ಮೂಗುತಿ, ಅದೇ ಮೂಗು, ಅದರ ಮೇಲೆ ವರ್ಷಕ್ಕೊಂದು ಹೊಸ ಚಸ್ಮಾ.

ಇಡೀ ಶಿಬಿರವೇ ಬಸಲಿಂಗಪ್ಪನವರ ಬಂಧುಬಳಗದ ಕೂಟವೆಂದೂ, ಮುದುಕಿ ಅವರ ಸೋದರತ್ತೆಯೇ ಇರಬೇಕೆಂದೂ ಅರ್ಧ ಗಂಟೆಯಲ್ಲಿ ತೀರ್ಮಾನಿಸಿದೆ. ನಾನು ಶಿಬಿರಕ್ಕೆ ಒಮ್ಮೆಯೂ ಹೋದವನಲ್ಲ. ಅದು ಯಾವಾಗಲೂ ರವಿವಾರ ಬರುತ್ತಿತ್ತು, ರವಿವಾರ ನನಗೆ ಮಲಗುವ ಕೆಲಸವಿರುತ್ತಿತ್ತು. ಆದರೆ ಇತಿಹಾಸಕಾರನಿಗೆ ಎಲ್ಲ ಕಡೆ ಹೋಗಿಯೇ ಗೊತ್ತಾಗಬೇಕೆಂದಿಲ್ಲ. ನೇರವಾಗಿ ಅಧ್ಯಕ್ಷರ ಬಳಿ ಹೋಗಿ ಫೋಟೋಗಳನ್ನು ಇಟ್ಟೆ. ಏಳನೆಯ ಫೋಟೋದಲ್ಲಿ ಇದ್ದವರು ಅವರೇ. ಮುದುಕಿ ಯಾರೆಂದು ಕೇಳಿದರೆ, ತಾವು ಆಗ ಕ್ಯಾಮರಾದ ಕಡೆ ನೋಡುತ್ತಿದ್ದುದಾಗಿ ತಿಳಿಸಿದರು. ಆಮೇಲೆ, “ಅಲ್ರೀ ಮಾಸ್ತರ, ಶಾಲು ತಂದಾಗೇತಿ” ಎಂದು ಗೋಳಾಡಿದರು.

“ಆಕಿ ಯಾರಂತ ಗೊತ್ತಾಗೂತನಕ ಶಾಲು ಕಪಾಟಿನ್ಯಾಗ ಇರ್ಲಿ” ಎಂದೆ.

ಒಂದು ವಾರದ ಗಡುವು ಸಿಕ್ಕಿತು. ಹೀಗೆ, ಜೀವಮಾನದಲ್ಲಿ ಯಾರಿಗೂ ಎದುರಾಡದ ಒಬ್ಬ ಮನುಷ್ಯನ ಮರ್ಯಾದೆ ನನ್ನ ಕೈಗೆ ಬಂತು. ಸುಳ್ಳು ಯಾಕೆ ಹೇಳಲಿ, ಆ ವಾರ ಊಟ ಬಹಳ ರುಚಿಸಿತು.

ರವಿವಾರ ನಿದ್ದೆಯನ್ನು ತ್ಯಾಗ ಮಾಡಿ ಖಾನಾಪುರದ ಬಸ್ಸು ಹತ್ತಿದೆ. ನಿಲ್ದಾಣದ ಬಾಜೂಕ್ಕಿದ್ದ ಚಹಾದ ಅಂಗಡಿಯಲ್ಲಿ ಫೋಟೋ ತೋರಿಸಿ, ಗುರುತು ಸಿಗಬಾರದೆಂದು ನನ್ನ ಮರಾಠಿಯಲ್ಲಿ ವಿಚಾರಿಸಿದೆ. ಅಂಗಡಿಯವನು ನನ್ನ ಮೇಲೆ ಕರುಣೆಯಿಟ್ಟು ಕನ್ನಡದಲ್ಲಿ ದಾರಿ ಹೇಳಿದ. ಮುದುಕಿಯ ಹೆಸರು ಗೌರವ್ವ. ಸಾಲೆಯ ಹಿಂದಿನ ಓಣಿಯಲ್ಲಿ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ನಾನು ನೋಡುತ್ತಿದ್ದಂತೆಯೇ ಸೂಜಿಗೆ ದಾರ ಪೋಣಿಸಿದಳು, ಒಂದೇ ಏಟಿಗೆ, ಮೂಗಿನ ಮೇಲೆ ಮೂಗುತಿಯ ಹೊರತು ಇನ್ನೇನೂ ಇಲ್ಲದೆ. ಅಪರಾಧ ಸಿದ್ಧವಾಯಿತೆಂದು ನನ್ನ ಎದೆ ಉಬ್ಬಿತು.

ಬಸಲಿಂಗಪ್ಪನವರು ನಿನಗೇನಾಗಬೇಕೆಂದು ಕೇಳಿದೆ. ಏನೂ ಆಗಬೇಕಾಗಿಲ್ಲ, ಕೌದಿಗೆ ಅಂಗಡಿಯ ತುಂಡು ಅರಿವೆ ಕೊಡುತ್ತಾನೆ ಅಷ್ಟೇ ಎಂದಳು. ಹಾಗಾದರೆ ಈ ಚಸ್ಮಾ ಏನೆಂದು ಏಳೂ ಫೋಟೋ ಮುಂದಿಟ್ಟೆ. ಅವಳು ಒಂದೊಂದಾಗಿ ನೋಡಿ, ತನ್ನನ್ನು ಬಿಟ್ಟು ಅಧ್ಯಕ್ಷರುಗಳನ್ನೇ ಗುರುತಿಸಿ, ಇವನು ಚಸ್ಮಾದ ಕಡ್ಡಿ ಕಿವಿಯೊಳಗೆ ಚುಚ್ಚಿದ, ಇವನು ತಲೆಕೆಳಗು ಮಾಡಿ ಏರಿಸಿದ ಎಂದು ವಿವರ ಕೊಟ್ಟಳು. ನಂತರ ಸಂಗತಿ ಹೊರಬಿತ್ತು. ಶಿಬಿರದಲ್ಲಿ ಪರೀಕ್ಷೆಯಾದವರ ಚಸ್ಮಾ ಅದೇ ದಿನ ಬರುವುದಿಲ್ಲ. ಬೆಳಗಾವಿಯಲ್ಲಿ ತಯಾರಾಗಿ ಹದಿನೈದು ದಿನಕ್ಕೆ ಬರುತ್ತದೆ. ಆದರೆ ಅಧ್ಯಕ್ಷರ ಫೋಟೋ ಅಂದೇ ಆಗಬೇಕು. ಅದಕ್ಕೆಂದು ಒಂದು ಸಿದ್ಧ ಚಸ್ಮಾ ಬಂದಿರುತ್ತಿತ್ತು. ಡಾಕ್ಟರರು ಕಣ್ಣಿಗೆ ಔಷಧ ಬಿಟ್ಟಿದ್ದರಿಂದ ಸಾಲಿನಲ್ಲಿದ್ದ ಒಬ್ಬರೂ ಫೋಟೋದ ಬೆಳಕಿಗೆ ಕಣ್ಣು ತೆರೆಯಲೊಲ್ಲರು. ಮೊದಲ ವರ್ಷ ಗೌರವ್ವ ಸುಮ್ಮನೆ ನೋಡಲು ಹೋಗಿದ್ದಳಂತೆ.

“ದೊಡ್ಡ ಮನಶ್ಯಾ ಚಸ್ಮಾ ಹಿಡಕೊಂಡು ನಿಂತಿದ್ದಾ ತಮ್ಮಾ, ಹೆಣ್ಣು ಬರವಲ್ದಕ ಮದುಮಗ ತಾಳಿ ಹಿಡಕೊಂಡು ನಿಂತಂಗ. ನೋಡಾಕ ಆಗಲಿಲ್ಲ. ಮೂಗು ಕೊಟ್ಟೆ.”

ಅಂದಿನಿಂದ ವರ್ಷಕ್ಕೊಮ್ಮೆ, ಕೈಯಲ್ಲಿದ್ದ ಕೌದಿ ಬಿಟ್ಟು, ಇಳಕಲ್ ಸೀರೆ ಉಟ್ಟು, ಹೋಗಿ ಕೂತು ಬರುತ್ತಿದ್ದಳು. ಪಾಪ, ಅಷ್ಟು ದೂರದಿಂದ ಬರುತ್ತಾರೆ, ಅವರಿಗೂ ಹುರುಪು ಬೇಡವೇ ಎಂಬುದು ಅವಳ ವಾದ. ನಮ್ಮ ಕ್ಲಬ್ಬಿನ ಹತ್ತು ವರ್ಷದ ಚರಿತ್ರೆಯಲ್ಲಿ ನಿಯಮಿತವಾಗಿ, ಪ್ರತಿಫಲಾಪೇಕ್ಷೆಯಿಲ್ಲದೆ ಸಮಾಜಸೇವೆ ಮಾಡಿದ ವ್ಯಕ್ತಿ ನನಗೆ ಕಡೆಗೂ ಸಿಕ್ಕಿದ್ದಳು. ಸೇವೆ ಮಾಡಿಸಿಕೊಂಡವರು ನಾವು.

ನಾನು ನಂಬಿದೆನೆಂದು ತಿಳಿಯಬೇಡಿ. ಆ ಓಣಿಯ ನಾಲ್ಕು ಮನೆಗೆ ಹೋಗಿ ವಿಚಾರಿಸಿದೆ. ನಾಲ್ಕರಲ್ಲೂ ಶಿಬಿರದ ಚಸ್ಮಾ ಇದ್ದವು. ನಾಲ್ಕನ್ನೂ ಬಸಲಿಂಗಪ್ಪನವರೇ ಮನೆಗೆ ತಂದು, ಕಡ್ಡಿ ಬಿಗಿಯಾಗಿದೆಯೋ ಸಡಿಲಾಗಿದೆಯೋ ನೋಡಿ ಹೋಗಿದ್ದರು. ಅವರ ಫೋಟೋ ಯಾರೂ ತೆಗೆದಿರಲಿಲ್ಲ. ನನಗಾದ ನಿರಾಶೆ ಅಷ್ಟಿಷ್ಟಲ್ಲ.

ಮರಳಿ ಗೌರವ್ವನ ಕಟ್ಟೆಗೆ ಬಂದು, ಅವಳು ಹೇಳಿದ್ದನ್ನು ಬರೆದುಕೊಂಡಿದ್ದ ಚೀಟಿಯನ್ನು ಅವಳಿಗೇ ಓದಿ ಹೇಳತೊಡಗಿದೆ. ಚೀಟಿಯನ್ನು ದೂರ ಹಿಡಿದೆ, ಇನ್ನೂ ದೂರ ಹಿಡಿದೆ.

“ದೇವರು ನಿನಗ ಕೈ ಗಿಡ್ಡ ಕೊಟ್ಟಾನ” ಎಂದು ಹೇಳಿ ಅವಳು ಒಳಗಿನಿಂದ ಒಂದು ತಗಡಿನ ಡಬ್ಬಿ ತಂದಳು. ಬಟ್ಟೆಯಲ್ಲಿ ಸುತ್ತಿದ ಏಳು ಚಸ್ಮಾ. ಅವೆಲ್ಲ ಓದುವವರ ಚಸ್ಮಾಗಳಂತೆ. ಆ ಓಣಿಯಲ್ಲಿ ಓದುವವರಿಲ್ಲದೆ ಹಾಗೇ ಉಳಿದಿದ್ದವು. ನಲವತ್ತು ದಾಟಿದ್ದನ್ನು ಒಪ್ಪಿಕೊಳ್ಳದೆ ಮೂರು ವರ್ಷ ಕಳೆದಿದ್ದ ನಾನು, ಅವಳ ಒತ್ತಾಯಕ್ಕೆ ಮೂರನೆಯದನ್ನು ಏರಿಸಿದೆ. ನನ್ನ ಅಕ್ಷರ ಇಷ್ಟು ಕೆಟ್ಟದಾಗಿದೆಯೆಂದು ಅಂದೇ ನನಗೆ ಗೊತ್ತಾದದ್ದು.

“ಇಟಗೋ” ಎಂದಳು. “ಫೋಟೋ ತೆಗಿಯಾವ್ರು ಯಾರೂ ಇಲ್ಲ, ಹೆದರಬ್ಯಾಡ.”

ಶಾಲು ಕಪಾಟಿನಿಂದ ಹೊರಬಂತು. ಇತಿಹಾಸದಲ್ಲಿ “ಶಿಬಿರಕ್ಕೆ ಸ್ಥಳೀಯರ ಸಹಕಾರ ಸತತವಾಗಿ ದೊರೆತಿದೆ” ಎಂದು ಗಂಭೀರವಾಗಿ ಬರೆದು, ಸಮಾರಂಭದಲ್ಲಿ ಆ ಚಸ್ಮಾ ಹಾಕಿಕೊಂಡೇ ಓದಿದೆ. ಶಾಲು ಹೊದ್ದು ಕೂತಿದ್ದ ಬಸಲಿಂಗಪ್ಪನವರು ತಮ್ಮ ಹೊಗಳಿಕೆಯನ್ನು ಕೇಳುತ್ತಿರಲಿಲ್ಲ; ನನ್ನ ಮೂಗನ್ನೇ ನೋಡುತ್ತಿದ್ದರು. ಏಳೂ ಚಸ್ಮಾಗಳನ್ನು ಬೆಳಗಾವಿಗೆ ಬಂದು ಆರಿಸಿ ಒಯ್ದವರು ಅವರೇ ಎಂಬುದು ನನಗೆ ಆಗ ಹೊಳೆಯಿತು. ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕಂಬದ ಬದಿಗೆ ಕರೆದರು.

“ಚಸ್ಮಾ ಛಲೋ ಐತ್ರಿ ಮಾಸ್ತರ. ಎಲ್ಲೀದು?”

ಖರೇ ಹೇಳಬೇಕೆಂದರೆ ಖಾನಾಪುರಕ್ಕೆ ಹೋಗಿದ್ದನ್ನು ಹೇಳಬೇಕು. ಹೋಗಿದ್ದು ಯಾಕೆಂದು ಹೇಳಬೇಕು. “ಇಲ್ಲೇ, ಬೆಳಗಾವ್ಯಾಗ” ಎಂದೆ.

“ಹೂಂ” ಎಂದರು.

ಈಗ ನಾನು ಪ್ರತಿ ವರ್ಷ ಶಿಬಿರಕ್ಕೆ ಹೋಗುತ್ತೇನೆ, ಹೆಸರು ಬರೆದುಕೊಳ್ಳುವ ಮೇಜಿನ ಮುಂದೆ ಕೂಡುತ್ತೇನೆ. ಬಸಲಿಂಗಪ್ಪನವರು ತಾವೇ ಚಹಾ ತಂದುಕೊಡುತ್ತಾರೆ, ಊಟವಾಯಿತೇ ಎಂದು ಕೇಳುತ್ತಾರೆ. ನಾನು ಕುರ್ಚಿಯಿಂದ ಎದ್ದಾಗ ಮಾತ್ರ, ಫೋಟೋಕ್ಕೆಂದು ತಂದ ಚಸ್ಮಾದ ಪೆಟ್ಟಿಗೆಯನ್ನು ಮೆಲ್ಲನೆ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಅದಕ್ಕೆ ಬೀಗವನ್ನೇ ಹಾಕುತ್ತಿದ್ದೆ.