ಶುಕ್ರವಾರದ ಫೋನು ಮತ್ತು ನನ್ನ ಎಡಸೊಂಟ

ಸೊಂಟನೋವಿಗೆಲ್ಲ ಡಾಕ್ಟರು ಬೇಕೇ? ನಲವತ್ತು ಮಕ್ಕಳ ಗಲಾಟೆ ಅಡಗಿಸುವ ಮೇಷ್ಟ್ರಿಗೆ ಒಂದು ಸೊಂಟ ಅಡಗದೇ? ಹೀಗೆಂದು ನಾನು ಬಲವಾಗಿ ನಂಬಿದ್ದೆ.

ನೋವಿದ್ದದ್ದು ಎಡಸೊಂಟದ ಹೊರಬದಿಯಲ್ಲಿ. ಆ ಮಗ್ಗುಲಿಗೆ ಮಲಗಿದರೆ ಜೀವ ಹೋಗುತ್ತಿತ್ತು. ಎಣ್ಣೆ ತಿಕ್ಕಲು ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಲಲಿತ ಆಗ ಮಸ್ಕತ್‌ನಲ್ಲಿ ನರ್ಸ್. ಕಂಡವರ ಸೊಂಟಕ್ಕೆಲ್ಲ ಅವಳ ಆರೈಕೆ, ನನ್ನದಕ್ಕೆ ಲಟ್ಟಣಿಗೆ! ಅದನ್ನು ನೆಲದಲ್ಲಿಟ್ಟು, ನೋವಿನ ಜಾಗವನ್ನು ಅದರ ಮೇಲೆ ಊರಿ ಚೆನ್ನಾಗಿ ಹೊರಳಿದೆ. ಚಪಾತಿಯಾಗಿದ್ದರೆ ಹದಕ್ಕೆ ಬರುತ್ತಿತ್ತು. ನನಗೆ ಏಳಲಿಕ್ಕೇ ಆಗಲಿಲ್ಲ. ಕರೆದರೆ ಓಗೊಡುವವರಿಲ್ಲದ ಮನೆಯಲ್ಲಿ ಅರ್ಧ ಗಂಟೆ ಬಿದ್ದುಕೊಂಡು ಹಂಚು ಎಣಿಸಿದೆ.

ಮರುದಿನ ನಮ್ಮೂರು ಶಿರ್ತಾಡಿಯಿಂದ ಬಸ್ಸು ಹತ್ತಿ ಮೂಡುಬಿದಿರೆಯ ಡಾಕ್ಟರ ಬಳಿ ಹೋದೆ.

"ಇದು ನರ ಅಲ್ಲ ಮಾಷ್ಟ್ರೇ. ಮಾಂಸವನ್ನು ಎಲುಬಿಗೆ ಕಟ್ಟುವ ಹುರಿ ಉಂಟಲ್ಲ, ಅದು ಸೋತುಹೋಗಿದೆ. ತಿಕ್ಕಬೇಡಿ. ಒಂದೇ ಕಾಲಿಗೆ ಭಾರ ಹಾಕಿ ತುಂಬ ಹೊತ್ತು ನಿಲ್ತೀರಾ?"

ನಿಲ್ಲುತ್ತಿದ್ದೆ! ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಹಮೀದ್ ಬ್ಯಾರಿಗಳ ಜೀನಸು ಅಂಗಡಿಗೆ ಲಲಿತಳ ಫೋನು ಬರುತ್ತಿತ್ತು. ನಾನು ನಾಲ್ಕೂವರೆಗೇ ಹೋಗಿ ಮೇಜಿಗೆ ಒರಗಿ ಎಡಗಾಲಿನ ಮೇಲೆ ನಿಂತಿರುತ್ತಿದ್ದೆ. ಇನ್ನು ಹಾಗೆ ನಿಲ್ಲಲೇಬಾರದು ಎಂದರು ಡಾಕ್ಟರು.

ಆ ವಾರದ ಫೋನು ತಪ್ಪುವಂತೆಯೇ ಇರಲಿಲ್ಲ. ಮರುದಿನ ಅವಳು ಇನ್ನೆರಡು ವರ್ಷದ ಕೆಲಸಕ್ಕೆ ಸಹಿ ಹಾಕಬೇಕಿತ್ತು. "ಸಾಕು, ಬಂದುಬಿಡು" ಎನ್ನಬೇಕೆಂದು ವಾರವಿಡೀ ಬಾಯಿಪಾಠ ಮಾಡಿದ್ದೆ. ಡಾಕ್ಟರ ಆಜ್ಞೆಯನ್ನು ಶಿರಸಾವಹಿಸಿ, ನಿಲ್ಲದೆ, ಅರ್ಧ ಖಾಲಿಯಾದ ಅಕ್ಕಿಮೂಟೆಯ ಮೇಲೆ ಕುಳಿತೆ.

ಫೋನು ಬಂತು. ನಾನು ಏಳಲಿಲ್ಲ!

ಅಷ್ಟು ತಗ್ಗಿನಲ್ಲಿ ಕುಳಿತು ಸೊಂಟ ಹಿಡಿದುಬಿಟ್ಟಿತ್ತು. ಇಬ್ಬರು ಗಿರಾಕಿಗಳು ನನ್ನ ತೋಳು ಹಿಡಿದು ಎಳೆಯತೊಡಗಿದರು. ಅಷ್ಟರಲ್ಲಿ ಬ್ಯಾರಿಗಳು ಫೋನೆತ್ತಿ, "ಲಲಿತಕ್ಕಾ, ಮಾಷ್ಟ್ರ ಸೊಂಟ ಹೋಯಿತು! ಎತ್ತುತ್ತಾ ಇದ್ದಾರೆ!" ಎಂದು ಮಸ್ಕತ್‌ಗೆ ತಂತಿಯಿಲ್ಲದೆಯೇ ಕೇಳುವಂತೆ ಕೂಗಿದರು.

ಫೋನು ನನ್ನ ಕೈಗೆ ಬಂದಾಗ ಅವಳು ಅರ್ಧ ಅಳುತ್ತಿದ್ದಳು, ಅರ್ಧ ಬೈಯುತ್ತಿದ್ದಳು. "ಎಂತದು ಮಾರಾಯ್ರೇ? ಬಿದ್ದದ್ದಾ? ಯಾವ ಬದಿ? ಎಡದ್ದಾ? ಹಾಗಾದ್ರೆ ಬಲಕ್ಕೆ ಮಲಗಿ, ಮೊಣಕಾಲಿನ ಮಧ್ಯೆ ದಿಂಬು ಇಡಿ." ಇದ್ದ ನಿಮಿಷಗಳೆಲ್ಲ ಸೊಂಟಕ್ಕೇ ಹೋದವು. ಕೊನೆಗೆ ಮೆಲ್ಲಗೆ ಕೇಳಿದಳು, "ಮತ್ತೆ ಎಂತಾದ್ರೂ ಹೇಳ್ಲಿಕ್ಕುಂಟಾ?"

ಬ್ಯಾರಿಗಳು ತಕ್ಕಡಿ ಕೆಳಗಿಟ್ಟರು. ಅಂಗಡಿಯಲ್ಲಿದ್ದ ಅಷ್ಟೂ ಜನ ನನ್ನ ಬಾಯಿಯನ್ನೇ ನೋಡಿದರು. ನನಗೆ ಅವಳು ಬೇಕಿತ್ತು, ತುಂಬ ಬೇಕಿತ್ತು.

"ದಿಂಬು... ಒಂದು ಸಾಕಾ?" ಎಂದೆ.

"ಸಾಕು. ನನ್ನದು ಖಾಲಿ ಉಂಟಲ್ಲ, ಅದನ್ನೇ ಇಡಿ," ಎಂದಳು.

ಮರುದಿನ ಸಹಿ ಹಾಕಿದಳು. ಸೊಂಟ ಕೆಲವು ತಿಂಗಳಲ್ಲಿ ಗುಣವಾಯಿತು. ಅವಳು ಬರಲು ಎರಡು ವರ್ಷ ಹಿಡಿಯಿತು. ಅಂದ ಹಾಗೆ, ನಮ್ಮ ಶಾಲೆಯಲ್ಲಿ ಮಕ್ಕಳನ್ನು ಭಾಷಣ ಸ್ಪರ್ಧೆಗೆ ತಯಾರು ಮಾಡುವವನು ನಾನೇ!