ಕೆಮ್ಮುವ ಕಾರಿಗೊಬ್ಬ ಗಿರಾಕಿ

ಪಾತ್ರೆ ಅಂಗಡಿಯಲ್ಲಿ ಕೂತೇ ತಲೆ ನರೆಸಿಕೊಂಡ ನನಗೆ ಮಾರಲು ಬಾರದ ಸರಕಿಲ್ಲ. ಸೊಟ್ಟ ತಪ್ಪಲೆಯನ್ನು 'ಕೈಕೆಲಸದ್ದು' ಎಂದು ದಾಟಿಸಿದವನು ನಾನು. ಅಂಥವನು ಸ್ವಂತ ಕಾರನ್ನು, ಅದೂ ಸ್ವಂತ ಷಡ್ಡಕನಿಗೆ ಮಾರಲಾಗದೆ ಹೋದೆನೆಂದರೆ ಅದಕ್ಕೆ ಕಾರಣ ಅಜ್ಞಾನವಲ್ಲ, ಜ್ಞಾನ.

ಕಾರಿಗೆ ಕೆಮ್ಮು ಹಿಡಿದಿತ್ತು. ನಿಂತರೆ ನಡುಗುವುದು, ಹೊರಟರೆ ಮುಗ್ಗರಿಸುವುದು, ಏರು ಕಂಡರೆ ಮುನಿಸಿಕೊಳ್ಳುವುದು. (ಈ ಲಕ್ಷಣಗಳು ನಮ್ಮ ಮನೆಯಲ್ಲಿ ಇನ್ನೊಬ್ಬರಿಗೂ ಇವೆ. ಯಾರೆಂದು ಹೇಳಿದರೆ ನನಗೆ ಊಟವಿಲ್ಲ.) ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಇಂಜೆಕ್ಟರ್ ಕಟ್ಕೊಂಡಿದೆ ಸಾರ್, ಬಿಚ್ಚಿ ತೊಳೀಬೇಕು" ಎಂದ. ಮಾರುವ ಸಾಮಾನನ್ನು ಹೊರಗೆ ತೊಳೆದರೆ ಸಾಲದೇ, ಒಳಗೆ ಇಣುಕುವವರು ಯಾರು ಎಂದುಕೊಂಡು ಮನೆಗೆ ಬಂದೆ. ಏಕೆಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ, ಬೇರೆ ಕಾರು ಹುಡುಕುತ್ತಿರುವ ಸುದ್ದಿ ಕಿವಿಗೆ ಬಿದ್ದಿತ್ತು. ಇದು ಹೋದರೆ ಹೊಸದು ತರುವುದೆಂದು ನಾನು ಬಣ್ಣವನ್ನೂ ಆರಿಸಿಟ್ಟಿದ್ದೆ: ನೀಲಿ.

ಆದರೂ ತಳ ತಟ್ಟಿ ನೋಡದ ಸರಕನ್ನು ಮಾರಿ ನನಗೆ ಅಭ್ಯಾಸವಿಲ್ಲ. ಮೊಬೈಲು ಹಿಡಿದು ಇಂಜೆಕ್ಟರ್ ಮಹಾವಿದ್ಯೆಯ ಅಧ್ಯಯನಕ್ಕೆ ಕೂತೆ.

"ಅದೇನ್ರೀ, ಕಾರಿಗೂ ಇಂಜೆಕ್ಷನ್ ಕೊಡ್ತಾರಾ?" ಎಂದಳು ಹೆಂಡತಿ.

"ಇಂಜೆಕ್ಷನ್ ಅಲ್ಲ ಕಣೇ, ಇಂಜೆಕ್ಟರ್. ಎಂಜಿನ್ನಿಗೆ ಪೆಟ್ರೋಲ್ ಸುರಿಯೋ ಹಾಗಿಲ್ಲ, ಚಿಮುಕಿಸಬೇಕು."

"ನೀವು ಮಾತನ್ನ ಹಾಗೆ ಚಿಮುಕಿಸಿದ್ರೆ ಸಾಕಾಗಿತ್ತು. ನೋಡಿ, ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಸುಳ್ಳೂ ಬೇಡ, ಪುರಾಣಾನೂ ಬೇಡ. ನಾಳೆ ನಾನು ನನ್ನ ತಂಗಿ ಮುಖ ನೋಡ್ಬೇಕು."

ಭಾನುವಾರ ಷಡ್ಡಕ ತನ್ನ ಕಾರಿನಲ್ಲೇ ಹೆಂಡತಿಯೊಡನೆ ಬಂದ. ಆತ ಹಲ್ಲಿನ ಡಾಕ್ಟರು. ತಾನು ಮಾತಾಡುವುದು ಕಡಿಮೆ, ಎದುರಿನವರ ಬಾಯಿ ಬಿಡಿಸುವುದೇ ಕಸುಬು. ಫಳಫಳಿಸುತ್ತಿದ್ದ ನನ್ನ ಕಾರನ್ನು ಒಂದು ಸುತ್ತು ನೋಡಿ, ಒಳಗೆ ಬಂದು ಕಾಫಿ ಕುಡಿದು, ಒಂದೇ ಒಂದು ಪ್ರಶ್ನೆ ಕೇಳಿದ.

"ಮೈಲೇಜ್ ಹೇಗಿದೆ ಅಣ್ಣ?"

'ಪರವಾಗಿಲ್ಲ' ಎಂದಿದ್ದರೆ ವ್ಯಾಪಾರ ಮುಗಿಯುತ್ತಿತ್ತು. ಆದರೆ ಕಲಿತ ವಿದ್ಯೆ ಗಂಟಲಿನವರೆಗೆ ತುಂಬಿತ್ತು.

"ಮೈಲೇಜ್ ಅನ್ನೋದು ಇಂಜೆಕ್ಟರ್ ಕೈಲಿದೆ ಡಾಕ್ಟ್ರೇ" ಎಂದು, ಹೆಂಡತಿ ಇಸ್ತ್ರಿ ಮಾಡುವಾಗ ಗಂಜಿನೀರು ಚಿಮುಕಿಸುವ ಬಾಟಲಿಯನ್ನೇ ಎತ್ತಿಕೊಂಡು ಬಂದೆ. "ಇದರ ಮೂತಿ ಇದೆಯಲ್ಲ, ಇದೇ ಇಂಜೆಕ್ಟರ್ ಅಂದ್ಕೊಳ್ಳಿ. ಯಾವಾಗ ಬಾಯಿ ತೆಗೀಬೇಕು, ಯಾವಾಗ ಮುಚ್ಚಬೇಕು ಅಂತ ಕಾರಿನೊಳಗಿನ ಕಂಪ್ಯೂಟರ್ ಹೇಳುತ್ತೆ."

"ನಮ್ಮನೇಲಿ ಆ ಕೆಲಸ ನಂದು" ಅಡುಗೆಮನೆಯಿಂದ ದನಿ ಬಂತು. "ಮುಚ್ಚೋರು ಮಾತ್ರ ಇಲ್ಲ."

ನಾನು ಬಾಟಲಿ ಒತ್ತಿದೆ. ಮಂಜಿನಂತೆ ಹರಡಬೇಕಿದ್ದ ನೀರು, ಮೂತಿಯಲ್ಲಿ ಗಂಜಿ ಒಣಗಿದ್ದರಿಂದ, ಪಿಚಕ್ಕನೆ ಒಂದು ಮುದ್ದೆಯಾಗಿ ಷಡ್ಡಕನ ಅಂಗಿಯ ಮೇಲೆ ಬಿತ್ತು. ಬುದ್ಧಿ ಇದ್ದವನು ಕ್ಷಮೆ ಕೇಳಿ ಮಾತು ಬದಲಿಸುತ್ತಿದ್ದ. ನಾನು ಸಂಭ್ರಮಪಟ್ಟೆ.

"ನೋಡಿದ್ರಾ, ಕಟ್ಕೊಂಡಿರೋ ಇಂಜೆಕ್ಟರ್ ಅಂದ್ರೆ ಇದೇ. ಚಿಮುಕಿಸೋ ಬದಲು ತೊಟ್ಟಿಕ್ಕುತ್ತೆ. ಪೆಟ್ರೋಲ್ ಗಾಳಿ ಜೊತೆ ಬೆರೆಯಲ್ಲ, ಸರಿಯಾಗಿ ಉರಿಯಲ್ಲ. ಗಾಡಿ ನಿಂತರೆ ನಡುಗುತ್ತೆ, ಹೊರಟರೆ ಮುಗ್ಗರಿಸುತ್ತೆ." ಹಾಗೆಂದು ಮೂತಿಯನ್ನು ಪಿನ್ನಿನಿಂದ ಕೆದಕಿ, ಬಿಸಿನೀರಿನಲ್ಲಿ ತೊಳೆದು ಮತ್ತೆ ಒತ್ತಿದೆ. ಹಜಾರದ ತುಂಬ ಮಂಜು.

ಷಡ್ಡಕ ಮುಂದಕ್ಕೆ ಬಾಗಿ ಬಾಟಲಿಯ ಮೂತಿಯನ್ನು ಹುಳುಕು ಹಲ್ಲು ನೋಡುವಂತೆ ನೋಡಿದ.

"ಅಂದ್ರೆ ಬಿಚ್ಚಿ ತೊಳೆದ್ರೆ ಸರಿಹೋಗುತ್ತೆ?"

"ಹೊಸದರ ಹಾಗೆ ಓಡುತ್ತೆ."

"ಒಳ್ಳೇದಾಯ್ತು ಅಣ್ಣ. ನಮ್ಮ ಕಾರೂ ಹೀಗೇ ನಡುಗುತ್ತೆ, ಅದಕ್ಕೇ ಬೇರೆ ತಗೊಳ್ಳೋಣ ಅಂತಿದ್ದೆ. ಈಗ ಗೊತ್ತಾಯ್ತು, ಹಲ್ಲು ಕೀಳೋದು ಬೇಡ, ಕ್ಲೀನ್ ಮಾಡಿಸಿದ್ರೆ ಸಾಕು." ತನ್ನ ಕಾರಿನ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ. "ನಿಮ್ಮ ಮೆಕ್ಯಾನಿಕ್ ಹತ್ರ ನೀವೇ ಮಾಡಿಸಿಕೊಡಿ. ನಿಮ್ಮಷ್ಟು ತಿಳಿದೋರು ನಮಗೆ ಯಾರಿದಾರೆ?"

"ಹಾಗಾದ್ರೆ ನಮ್ಮನ್ನ ಮನೆಗೆ ನೀವೇ ಬಿಡ್ತೀರಲ್ಲ ಭಾವ?" ಎಂದಳು ನಾದಿನಿ.

ನಾಲ್ವರೂ ನನ್ನ ಕಾರು ಹತ್ತಿದೆವು. ಬೀದಿಯ ತುದಿಯ ಏರಿನಲ್ಲಿ ಅದು ಮೊದಲು ಕೆಮ್ಮಿತು, ಆಮೇಲೆ ಮುಗ್ಗರಿಸಿತು, ಕೊನೆಗೆ ನಿಂತು ಮೈಯೆಲ್ಲ ನಡುಗಿಸಿತು. ಹಿಂದಿನ ಸೀಟಿನಿಂದ ಒಂದು ತಲೆ ಮುಂದಕ್ಕೆ ಬಾಗಿತು.

"ತೊಟ್ಟಿಕ್ತಾ ಇದೆ ಅಲ್ವಾ ಅಣ್ಣ?" ಎಂದ ಷಡ್ಡಕ, ಶಿಷ್ಯನ ವಿನಯದಿಂದ.

ಈಗ ಮನೆಯ ಮುಂದೆ ಕೆಮ್ಮುವ ಕಾರುಗಳು ಜೋಡಿಯಾಗಿ ನಿಂತಿವೆ. ಎರಡರ ಕೀಲಿಯೂ ನನ್ನ ಜೇಬಿನಲ್ಲೇ.

"ಹೊಸ ಕಾರಿಗೆ ಯಾವ ಬಣ್ಣ ಅಂದಿದ್ರಿ?" ಗಂಜಿನೀರು ಚಿಮುಕಿಸುತ್ತ ಹೆಂಡತಿ ಕೇಳಿದಳು. ಬಾಟಲಿ ಈಗ ಸೊಗಸಾಗಿ ಕೆಲಸ ಮಾಡುತ್ತಿದೆ.

"ನೀಲಿ."

"ದೊಡ್ಡೋರು ಸುಮ್ನೆ ಹೇಳಿಲ್ಲ ಕಣ್ರೀ" ಎಂದಳು. "ಬಾಯಿ ಬಿಟ್ಟರೆ ಬಣ್ಣಗೇಡು."